ಕಿವಿಗೂ ಅರ್ಪಿತವುಂಟು

ಶಿವಭಕ್ತನ ಮನೆಯಲ್ಲಿ ಅನರ್ಪಿತವನ್ನು ಬಾಯಿಗಿಡುವ ವಾಡಿಕೆಯಿಲ್ಲ. ಜೋಳದ ರೊಟ್ಟಿಯಾಗಲಿ, ಹಬ್ಬದ ಹೋಳಿಗೆಯಾಗಲಿ, ಒಂದು ಗುಟುಕು ನೀರೇ ಆಗಲಿ, ಅದು ಮೊದಲು ಲಿಂಗಕ್ಕೆ ಸಲ್ಲಬೇಕು. ಸಂದ ಮೇಲೆ ಪ್ರಸಾದವೆಂದು ಸ್ವೀಕರಿಸಬೇಕು. ಯಾವ ಶಾಸ್ತ್ರವನ್ನೂ ಓದದ ಅಜ್ಜಿಯೂ ಈ ನಡೆಯನ್ನು ಬಲ್ಲಳು. ಹೊಲದಿಂದ ಹಸಿದು ಬಂದ ಮೊಮ್ಮಗನು ತಟ್ಟೆಗೆ ಕೈಹಾಕಿದರೆ, “ತಡಿಯಪ್ಪಾ, ಲಿಂಗಕ್ಕೆ ತೋರಿಸಿ ಉಣ್ಣು” ಎಂದು ಆಕೆ ಹೇಳುತ್ತಾಳೆ. ಹಸಿವಿಗೂ ತುತ್ತಿಗೂ ನಡುವೆ ಒಂದು ಕ್ಷಣದ ಎಚ್ಚರವಿರಬೇಕೆಂಬುದು ಆಕೆಯ ಮಾತಿನ ತಿರುಳು.

ಅದೇ ಮನೆಯಲ್ಲಿ ಇಂದು ಬೆಳಗಾಗುತ್ತಲೇ ಕರಡಿಗೆಯನ್ನು ತೆರೆಯುವ ಮೊದಲು ಮೊಬೈಲು ಫೋನನ್ನು ತೆರೆಯುವುದಾಗಿದೆ. ರಾತ್ರಿಯೆಲ್ಲ ಬಂದು ಬಿದ್ದಿರುವ ಮಾತುಗಳು, ಚಿತ್ರಗಳು, ಆಪಾದನೆಗಳು, ಎಚ್ಚರಿಕೆಗಳು ಮುಖ ತೊಳೆಯುವುದಕ್ಕೆ ಮುಂಚೆಯೇ ಕಣ್ಣನ್ನೂ ಕಿವಿಯನ್ನೂ ತುಂಬುತ್ತವೆ. ಅವು ಎಲ್ಲಿಂದ ಬಂದವು, ಯಾರ ಕೈಯ ಅಡುಗೆ, ಹಳಸಿವೆಯೋ ವಿಷ ಬೆರೆತಿವೆಯೋ ಎಂದು ಕೇಳುವವರು ವಿರಳ. ಒಬ್ಬನು ತಾನು ನುಂಗಿದ್ದನ್ನು ಮರುಕ್ಷಣವೇ ಹತ್ತು ಮಂದಿಗೆ ಬಡಿಸುತ್ತಾನೆ. ಬಾಯಿಗೆ ಅಷ್ಟು ಕಟ್ಟುನಿಟ್ಟಾದ ವ್ರತವನ್ನು ವಿಧಿಸಿಕೊಂಡ ಭಕ್ತನು ಕಿವಿಯನ್ನು ಮಾತ್ರ ಬೀದಿಯ ಛತ್ರದಂತೆ ತೆರೆದಿಡುವುದು ಸಲ್ಲುವುದೇ? ಈ ಪ್ರಶ್ನೆಯು ಮೇಲುನೋಟಕ್ಕೆ ಚಿಕ್ಕದು. ಆದರೆ ಅದನ್ನು ಕೇಳದೆ ಬಿಟ್ಟುದಕ್ಕೆ ಕೆಲವೆಡೆ ಮನುಷ್ಯರ ಜೀವವೇ ಬೆಲೆಯಾಗಿ ತೆತ್ತುಹೋಗಿದೆ.

೧

ಷಟ್‌ಸ್ಥಲ ಸಿದ್ಧಾಂತದಲ್ಲಿ ಇದಕ್ಕೆ ಉತ್ತರವುಂಟು. ಶರಣರು ಇಂದ್ರಿಯಗಳನ್ನು ಶತ್ರುಗಳೆಂದು ಹಳಿದು ಸುಮ್ಮನಾಗಲಿಲ್ಲ. ಅವುಗಳಿಗೆ ಲಿಂಗದ ಒಡೆತನವನ್ನು ಒಪ್ಪಿಸಿದರು. ಘ್ರಾಣದಲ್ಲಿ ಆಚಾರಲಿಂಗ, ಜಿಹ್ವೆಯಲ್ಲಿ ಗುರುಲಿಂಗ, ನೇತ್ರದಲ್ಲಿ ಶಿವಲಿಂಗ, ತ್ವಕ್ಕಿನಲ್ಲಿ ಜಂಗಮಲಿಂಗ, ಶ್ರೋತ್ರದಲ್ಲಿ ಪ್ರಸಾದಲಿಂಗ, ಹೃದಯದಲ್ಲಿ ಮಹಾಲಿಂಗ ಎಂದು ನೆಲೆಗಳನ್ನು ಹೇಳಿದರು. ಗಂಧ, ರಸ, ರೂಪ, ಸ್ಪರ್ಶ, ಶಬ್ದಗಳು ಆಯಾ ಲಿಂಗಕ್ಕೆ ಸಲ್ಲತಕ್ಕ ಪದಾರ್ಥಗಳು. ನಾಲಗೆಯ ಮೇಲಿನ ರುಚಿಗೆ ಅರ್ಪಿತದ ನಿಯಮವು ಹೇಗೆ ಸಲ್ಲುವುದೋ, ಕಣ್ಣಿಗೆ ಬಿದ್ದ ರೂಪಕ್ಕೂ ಕಿವಿಗೆ ಬಿದ್ದ ಶಬ್ದಕ್ಕೂ ಹಾಗೆಯೇ ಸಲ್ಲುತ್ತದೆ. ಪ್ರಸಾದಿಸ್ಥಲದ ಭಕ್ತಿಗೆ ಅವಧಾನಭಕ್ತಿಯೆಂದು ಹೆಸರು. ಒಳಗೆ ಬರುವುದನ್ನು ಬಾಗಿಲಲ್ಲಿಯೇ ನಿಲ್ಲಿಸಿ ಗುರುತು ಕೇಳುವ ಎಚ್ಚರವೇ ಅವಧಾನ.

ಶಬ್ದವನ್ನು ಲಿಂಗಕ್ಕೆ ಅರ್ಪಿಸುವುದೆಂದರೇನು? ಅಡುಗೆಮನೆಯನ್ನು ನೋಡಿದರೆ ಸಾಕು. ಲಿಂಗಕ್ಕೆ ಸಲ್ಲಬೇಕಾದ ಅನ್ನವೆಂದು ತಿಳಿದ ಗೃಹಿಣಿಯು ಅಕ್ಕಿಯನ್ನು ಮೊರದಲ್ಲಿ ಕೇರುತ್ತಾಳೆ, ಕಲ್ಲನ್ನು ಆರಿಸುತ್ತಾಳೆ, ಎರಡು ಸಾರಿ ತೊಳೆಯುತ್ತಾಳೆ. ಪರಮಪವಿತ್ರವಾದುದರ ಮುಂದೆ ಇದನ್ನು ಇಡಬೇಕಲ್ಲ ಎಂಬ ಭಾವನೆಯೇ ಆಕೆಯ ಕೈಯಿಂದ ಆ ಕೆಲಸವನ್ನು ಮಾಡಿಸುತ್ತದೆ. ಕೇಳಿದ ಮಾತನ್ನೂ ಅಂತೆಯೇ ಅರಿವಿನ ಮುಂದೆ ಇಡಬೇಕು. ಇಡುವ ಮೊದಲು ಅದನ್ನು ಕೇರಬೇಕು. ಜೊಳ್ಳು ಹಾರಿ, ಕಲ್ಲು ಕೆಳಗುಳಿದು, ಕಾಳು ಕಂಡಾಗ ಆ ಮಾತು ಪ್ರಸಾದವಾಗುತ್ತದೆ. ಕೇರದೆ ನುಂಗಿದ ಮಾತು ಅನರ್ಪಿತ. ಅದನ್ನು ಉಂಡವನ ಮನಸ್ಸಿಗೆ ರೋಗ. ಅವನು ಬಡಿಸಿದವರಿಗೂ ರೋಗ.

೨

ಮನುಷ್ಯನು ಎರಡು ಲೋಕಗಳಲ್ಲಿ ಬಾಳುತ್ತಾನೆ. ಅವನ ಕಾಲು ತುಳಿದ ನೆಲ, ಅವನ ಕೈ ಮುಟ್ಟಿದ ಕೆಲಸ, ಅವನ ಕಣ್ಣೆದುರಿನ ನೆರೆಹೊರೆ ಇವು ಒಂದು ಲೋಕ. ಪರರ ಮಾತಿನಿಂದ ಅವನ ಮನಸ್ಸಿನೊಳಗೆ ಕಟ್ಟಿಕೊಂಡ ಲೋಕ ಇನ್ನೊಂದು. ಮೊದಲನೆಯದು ಅಂಗೈಯಗಲ, ಎರಡನೆಯದು ಬ್ರಹ್ಮಾಂಡದಗಲ. ದಿಲ್ಲಿಯನ್ನು ಕಾಣದವನಿಗೂ ದಿಲ್ಲಿಯ ವಿಷಯದಲ್ಲಿ ಅಭಿಪ್ರಾಯವುಂಟು. ಒಬ್ಬ ಅನ್ಯಮತೀಯನ ಮನೆಯ ಹೊಸ್ತಿಲನ್ನು ದಾಟದವನಿಗೂ ಅವರೆಲ್ಲರ ವಿಷಯದಲ್ಲಿ ತೀರ್ಮಾನವುಂಟು. ಈ ಎರಡನೆಯ ಲೋಕವಿಲ್ಲದೆ ಬಾಳು ಸಾಗದು. ಆದರೆ ಅದು ಕೇಳಿದ ಲೋಕವೆಂಬುದನ್ನು ಮರೆತು, ಕಂಡ ಲೋಕವೆಂದೇ ಭ್ರಮಿಸುವುದರಲ್ಲಿ ಅಪಾಯವಿದೆ.

ಅಮೆರಿಕದ ಪತ್ರಿಕಾಕರ್ತ ವಾಲ್ಟರ್ ಲಿಪ್‌ಮನ್ ಎಂಬವರು ೧೯೨೨ರಲ್ಲಿ ‘ಪಬ್ಲಿಕ್ ಒಪಿನಿಯನ್’ ಎಂಬ ಗ್ರಂಥವನ್ನು ಪ್ರಕಟಿಸಿದರು. ಅದರ ಆರಂಭದಲ್ಲಿ ಒಂದು ದ್ವೀಪದ ವೃತ್ತಾಂತವಿದೆ. ೧೯೧೪ರಲ್ಲಿ ಆ ದ್ವೀಪದಲ್ಲಿ ಕೆಲವರು ಇಂಗ್ಲಿಷರು, ಕೆಲವರು ಫ್ರೆಂಚರು, ಕೆಲವರು ಜರ್ಮನರು ಕೂಡಿ ಬಾಳುತ್ತಿದ್ದರು. ತಂತಿಯ ಸೌಕರ್ಯವಿಲ್ಲ, ಅರವತ್ತು ದಿನಗಳಿಗೊಮ್ಮೆ ಟಪಾಲಿನ ಹಡಗು ಬರುವುದು. ಸೆಪ್ಟೆಂಬರಿನ ನಡುವೆ ಹಡಗು ಬಂದಾಗ ಅವರಿಗೆ ತಿಳಿಯಿತು, ಆರು ವಾರಗಳಿಗೂ ಹಿಂದೆಯೇ ತಮ್ಮ ದೇಶಗಳ ನಡುವೆ ಯುದ್ಧ ಆರಂಭವಾಗಿದೆಯೆಂದು. ಆ ಆರು ವಾರ ಅವರು ಸ್ನೇಹಿತರಂತೆ ಉಂಡಿದ್ದರು, ಮಾತನಾಡಿದ್ದರು. ಲೆಕ್ಕಕ್ಕೆ ಅವರು ಶತ್ರುಗಳಾಗಿದ್ದರು.

ಲಿಪ್‌ಮನ್ನರು ಈ ಕಥೆಯಿಂದ ತೋರಿಸಿದ್ದು, ಮನುಷ್ಯನು ಲೋಕವಿರುವಂತೆ ನಡೆಯದೆ, ಲೋಕದ ವಿಷಯದಲ್ಲಿ ತನ್ನ ತಲೆಯಲ್ಲಿರುವ ಚಿತ್ರದಂತೆ ನಡೆಯುತ್ತಾನೆಂಬುದನ್ನು. ಭಕ್ತನಾದವನು ಇದೇ ಕಥೆಯಲ್ಲಿ ಮತ್ತೊಂದನ್ನೂ ಕಾಣಬಹುದು. ಹಡಗು ಬಂದ ದಿನ ಬೆಳಗ್ಗೆ ಇದ್ದ ಮುಖಗಳೇ ಸಂಜೆಗೂ ಇದ್ದವು. ಪಕ್ಕದ ಮನೆಯವನ ಗುಣದಲ್ಲಿ ಎಳ್ಳಷ್ಟೂ ಬದಲಾವಣೆಯಿಲ್ಲ. ಆದರೂ ಒಂದು ಸುದ್ದಿ ಬಂದು ನಡುವೆ ನಿಂತ ಕೂಡಲೇ ಸ್ನೇಹಿತನಿದ್ದ ಕಡೆ ಶತ್ರು ಕಾಣಿಸತೊಡಗಿದನು. ಸುದ್ದಿಯು ಮನಸ್ಸಿಗೆ ಒಂದು ವಿಷಯವನ್ನು ಸೇರಿಸಿ ಹೋಗುವುದಿಲ್ಲ. ಕಣ್ಣಿಗೆ ಬಣ್ಣದ ಗಾಜನ್ನು ತೊಡಿಸಿ ಹೋಗುತ್ತದೆ.

ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವು ೧೮೪೩ರ ಜುಲೈ ೧ರಂದು ಹರ್ಮನ್ ಮೋಗ್ಲಿಂಗ್ ಅವರ ಸಂಪಾದಕತ್ವದಲ್ಲಿ ಹೊರಟಿತು. ಅದು ಪಾಕ್ಷಿಕ. ಒಂದು ಸಂಚಿಕೆಗೂ ಮತ್ತೊಂದಕ್ಕೂ ನಡುವೆ ಹದಿನೈದು ದಿನ; ಓದಿದ್ದನ್ನು ಕಟ್ಟೆಯ ಮೇಲೆ ಕುಳಿತು ಚರ್ಚಿಸುವುದಕ್ಕೂ, ಅಲ್ಲಗಳೆಯುವುದಕ್ಕೂ ಎಡೆಯಿತ್ತು. ತಪ್ಪು ಬಂದರೆ ಕೇಳುವುದಕ್ಕೆ ಸಂಪಾದಕನೆಂಬ ಒಬ್ಬ ಹೊಣೆಗಾರನಿದ್ದನು. ಇಂದು ಆ ಎಡೆಯೂ ಇಲ್ಲ, ಆ ಹೊಣೆಗಾರನೂ ಎಷ್ಟೋ ವೇಳೆ ಕಾಣಸಿಗನು. ಮೊಬೈಲು ಹಿಡಿದ ಪ್ರತಿಯೊಬ್ಬ ಗೃಹಸ್ಥನೂ ತನಗರಿಯದೆಯೇ ಸಂಪಾದಕನಾಗಿದ್ದಾನೆ. ಅಧಿಕಾರ ಬಂದಿದೆ, ಅದರ ಜೊತೆಗೆ ಬರಬೇಕಾದ ಎಚ್ಚರವು ಇನ್ನೂ ಬಂದಿಲ್ಲ.

೩

ಇದರ ಫಲವು ಶರಣರು ನಡೆದಾಡಿದ ನೆಲದಲ್ಲಿಯೇ ಕಂಡುಬಂದಿತು. ೨೦೧೮ನೆಯ ಇಸವಿಯಲ್ಲಿ ಮಕ್ಕಳ ಕಳ್ಳರು ಊರೂರಿಗೆ ಬಂದಿದ್ದಾರೆಂಬ ಸಂದೇಶಗಳು ವಾಟ್ಸಾಪಿನ ಮೂಲಕ ಭಾರತದ ಅನೇಕ ರಾಜ್ಯಗಳಲ್ಲಿ ಹಬ್ಬಿದವು. ಆ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಹೊಟ್ಟೆಪಾಡಿಗಾಗಿ ರಾಜಸ್ಥಾನದಿಂದ ಬಂದಿದ್ದ ಒಬ್ಬ ಯುವಕನನ್ನು ಮಕ್ಕಳ ಕಳ್ಳನೆಂದು ಜನರು ಬಡಿದು ಕೊಂದರು. ಜುಲೈ ೧ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರಾಯಿನ್‌ಪಾಡಾ ಎಂಬ ಹಳ್ಳಿಯಲ್ಲಿ ಐವರು ಅದೇ ಶಂಕೆಗೆ ಬಲಿಯಾದರು. ಆ ಐವರು ಊರೂರು ಅಲೆದು ಭಿಕ್ಷೆಯಿಂದ ಬದುಕುವ ನಾಥಪಂಥದ ಒಂದು ಅಲೆಮಾರಿ ಸಮುದಾಯದವರು. ಅವರಲ್ಲಿ ಹೆಚ್ಚಿನವರು ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆಯ ಕಡೆಯವರು. ಬಸವಣ್ಣನವರು ಕರಣಿಕರಾಗಿ ಕಾಯಕವನ್ನು ಆರಂಭಿಸಿದರೆಂಬ ಪ್ರತೀತಿಯುಳ್ಳ ಊರು ಆ ಮಂಗಳವೇಢೆ.

ಅದೇ ಜುಲೈ ೧೩ರಂದು, ಅನುಭವ ಮಂಟಪವಿದ್ದ ಕಲ್ಯಾಣವನ್ನು ಒಳಗೊಂಡ ಬೀದರ ಜಿಲ್ಲೆಯಲ್ಲಿ, ಮುರ್ಕಿ ಎಂಬ ಗ್ರಾಮದ ಹತ್ತಿರ ಮತ್ತೊಂದು ಘಟನೆ ನಡೆಯಿತು. ಹೈದರಾಬಾದಿನಿಂದ ಕೆಲವು ಸ್ನೇಹಿತರು ಕಾರಿನಲ್ಲಿ ಆ ಸೀಮೆಗೆ ಬಂದಿದ್ದರು. ದಾರಿಯಲ್ಲಿ ಒಂದೆಡೆ ಕಾರನ್ನು ನಿಲ್ಲಿಸಿ, ಶಾಲೆಯ ಮಕ್ಕಳಿಗೆ ಚಾಕಲೇಟು ಕೊಟ್ಟರು. ಕಂಡವರಿಗೆ ಶಂಕೆ ಹುಟ್ಟಿತು. ಮಾತಿಗೆ ಮಾತು ಬೆಳೆಯಿತು. ಬೆದರಿದ ಸ್ನೇಹಿತರು ಕಾರನ್ನು ಓಡಿಸಿದರು. ಅವರಿಗಿಂತ ಮೊದಲು ಸುದ್ದಿಯು ವಾಟ್ಸಾಪಿನಲ್ಲಿ ಮುಂದಿನ ಊರನ್ನು ಮುಟ್ಟಿತು. ಮುರ್ಕಿಯಲ್ಲಿ ದಾರಿಗೆ ಅಡ್ಡ ಕಟ್ಟಲಾಗಿತ್ತು. ಕಾರು ಉರುಳಿತು. ಗುಂಪು ಅವರನ್ನು ಎಳೆದು ಬಡಿಯಿತು. ಬಿಡಿಸಲು ಹೋದ ಪೋಲೀಸರೂ ಪೆಟ್ಟು ತಿಂದರು. ತರುಣ ಇಂಜಿನಿಯರನೊಬ್ಬನು ಸತ್ತನು; ಅವನ ಜೊತೆಗಾರರು ಗಾಯಗೊಂಡರು. ಯಾವ ಮಗುವೂ ಕಳುವಾಗಿರಲಿಲ್ಲ.

ಹೊಡೆದವರು ಹುಟ್ಟಾ ಕೊಲೆಗಡುಕರೆಂದು ಹೇಳಿ ಮುಗಿಸುವುದು ಸುಲಭ. ಅವರು ಅಪ್ಪಂದಿರು, ಅಣ್ಣಂದಿರು, ಹೊಲಮನೆಯವರು. ಮಕ್ಕಳ ಮೇಲಿನ ಪ್ರೀತಿಯೇ ಅವರನ್ನು ದಾರಿಗೆ ತಂದು ನಿಲ್ಲಿಸಿತು. ಅಪರಿಚಿತನೊಬ್ಬನು ಮಗುವಿಗೆ ಸಿಹಿ ಕೊಡುವುದು ಹಳ್ಳಿಗಳಲ್ಲಿ ಕಾಣದ ಸಂಗತಿಯಲ್ಲ. ಜಾತ್ರೆಗೆ ಬಂದವರು ಕೊಡುತ್ತಾರೆ, ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತವರು ಕೊಡುತ್ತಾರೆ. “ಪುಣ್ಯಾತ್ಮ, ಮಕ್ಕಳನ್ನು ಕಂಡರೆ ಪ್ರೀತಿ” ಎಂದು ಜನರು ಹೇಳುತ್ತಾರೆ. ಕೊಟ್ಟ ಕೈ ಅದೇ, ಸಿಹಿಯೂ ಅದೇ, ಹಿಗ್ಗಿದ ಮಕ್ಕಳೂ ಅವರೇ. ಕಣ್ಣಿಗಿಂತ ಮುಂಚೆ ಬಂದು ಕುಳಿತಿದ್ದ ಚಿತ್ರ ಮಾತ್ರ ಬೇರೆ. ಆ ಚಿತ್ರದ ಗಾಜಿನೊಳಗಿಂದ ನೋಡಿದವರಿಗೆ ಕಂಡದ್ದು ಕಳ್ಳನೇ ಹೊರತು ಅತಿಥಿಯಲ್ಲ.

ಬಾಗಿಲಿಗೆ ಬಂದ ಅಪರಿಚಿತನಲ್ಲಿ ಶಿವನನ್ನು ಕಾಣಬೇಕೆಂಬುದು ಶರಣಧರ್ಮದ ಮರ್ಮ. ಜೋಳಿಗೆ ಹಿಡಿದು ಬಂದವನು ಜಂಗಮನಾಗಿರಬಹುದೆಂಬ ನಂಬಿಗೆಯ ಮೇಲೆ ದಾಸೋಹವು ನಿಂತಿದೆ. ಕೇರದೆ ನುಂಗಿದ ಒಂದು ಸುದ್ದಿಯು ಈ ದೃಷ್ಟಿಯನ್ನೇ ಮಗುಚಿಹಾಕುತ್ತದೆ. ರಾಯಿನ್‌ಪಾಡಾದಲ್ಲಿ ಸತ್ತವರು ಭಿಕ್ಷೆಯಿಂದ ಬದುಕುವ ಜನ ಎಂಬುದನ್ನು ಯಾವ ಭಕ್ತನೂ ಮರೆಯತಕ್ಕದ್ದಲ್ಲ.

೪

ಸುಳ್ಳನ್ನು ನಂಬಿ ಜನರು ಕೆಟ್ಟರು, ಆದುದರಿಂದ ಸತ್ಯವನ್ನಷ್ಟೇ ನಂಬಬೇಕು ಎಂದರೆ ಸಮಸ್ಯೆ ತೀರಿತೆಂದು ತೋರಬಹುದು. ಅಷ್ಟು ಸರಳವಿಲ್ಲ. ಆ ವರ್ಷ ಹಬ್ಬಿದ ಒಂದು ವಿಡಿಯೊ ಚಿತ್ರದಲ್ಲಿ ಮೋಟಾರು ಸೈಕಲಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವ ದೃಶ್ಯವಿತ್ತು. ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ರಕ್ಷಣೆಗಾಗಿ ದುಡಿಯುವ ‘ರೋಶನಿ’ ಎಂಬ ಸಂಸ್ಥೆಗಾಗಿ ತಯಾರಾದ ಚಿತ್ರ. ಮಕ್ಕಳ ಮೇಲೆ ಕಣ್ಣಿಟ್ಟಿರಿ ಎಂದು ತಂದೆತಾಯಿಗಳನ್ನು ಎಚ್ಚರಿಸುವುದು ಅದರ ಉದ್ದೇಶ. ಚಿತ್ರದ ಕೊನೆಯಲ್ಲಿ ಆ ಇಬ್ಬರೂ ಮರಳಿ ಬಂದು ಮಗುವನ್ನು ಇಳಿಸಿ, ಎಚ್ಚರಿಕೆಯ ಫಲಕವೊಂದನ್ನು ತೋರಿಸುತ್ತಾರೆ. ಯಾರೋ ಆ ಕೊನೆಯನ್ನು ಕತ್ತರಿಸಿದರು. ಉಳಿದ ತುಣುಕು ಭಾರತದ ಹಳ್ಳಿಗಳಲ್ಲಿ ನಡೆದ ಅಪಹರಣವೆಂದು ಕೈಯಿಂದ ಕೈಗೆ ಹೋಯಿತು.

ಇಲ್ಲಿ ವಿಚಾರಮಾಡತಕ್ಕ ಅಂಶವಿದೆ. ಉಳಿದ ತುಣುಕಿನಲ್ಲಿ ಹೊಸದಾಗಿ ಸೇರಿಸಿದ್ದು ಏನೂ ಇಲ್ಲ. ಕಂಡದ್ದೆಲ್ಲ ಕ್ಯಾಮೆರಾದ ಮುಂದೆ ನಡೆದದ್ದೇ. ಮಗು ಮರಳಿದ ಕೆಲವು ಕ್ಷಣಗಳನ್ನು ತೆಗೆದುಹಾಕಿದ್ದರಿಂದ ದಯೆಯ ಕಾರ್ಯವು ದ್ವೇಷದ ಬೀಜವಾಯಿತು. “ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು” ಎಂಬ ಗಾದೆಯನ್ನು ಹಿರಿಯರು ಸುಮ್ಮನೆ ಹೇಳಲಿಲ್ಲ. ಕಂಡದ್ದು ನಿಜವೇ ಎಂದು ಕೇಳಿದರೆ ಸಾಲದು. ಕಾಣದೆ ಉಳಿದದ್ದು ಏನು ಎಂದೂ ಕೇಳಬೇಕು.

‘ಶೂನ್ಯಸಂಪಾದನೆ’ಯಲ್ಲಿ ಸೊನ್ನಲಿಗೆಯ ಸಿದ್ಧರಾಮೇಶ್ವರರ ಪ್ರಸಂಗವು ಇದನ್ನೇ ತಿಳಿಸುತ್ತದೆ. ಸಿದ್ಧರಾಮರು ಕೆರೆಯನ್ನು ಕಟ್ಟಿಸುತ್ತಿದ್ದಾಗ ಅಲ್ಲಮಪ್ರಭುಗಳು ಅಲ್ಲಿಗೆ ಬರುತ್ತಾರೆ. ಸಿದ್ಧರಾಮರನ್ನು ಒಡ್ಡನೆಂದು ಕರೆದು ಮಾತಿನಿಂದ ಕೆಣಕುತ್ತಾರೆ. ಕೆಲಸಗಾರರು ಸಿಟ್ಟಾಗಿ ಕಲ್ಲನ್ನೆಸೆದು, ತಮ್ಮ ಗುರುವಿಗೆ ಸುದ್ದಿಯನ್ನು ಮುಟ್ಟಿಸುತ್ತಾರೆ. ಸಿದ್ಧರಾಮರು ಉರಿದೆದ್ದು ಬರುತ್ತಾರೆ. ಕೆಲಸಗಾರರು ಹೇಳಿದ್ದು ಸುಳ್ಳಲ್ಲ. ಪ್ರಭುಗಳು ಆ ಮಾತನ್ನು ಆಡಿಯೇ ಇದ್ದರು. ಆದರೆ ಆಡಿದವನು ಯಾರು, ಯಾವ ಕರುಣೆಯಿಂದ ಆಡಿದನು ಎಂಬುದು ಸುದ್ದಿಯ ಜೊತೆಯಲ್ಲಿ ಬರಲಿಲ್ಲ. ಎದುರು ನಿಂತು ಮಾತನಾಡಿದ ಮೇಲೆಯೇ ಸಿದ್ಧರಾಮರಿಗೆ ಅದು ತಿಳಿಯಿತು. ಅದೇ ಅವರನ್ನು ಕಲ್ಯಾಣಕ್ಕೆ ಕರೆದೊಯ್ದಿತು. ಅಂತಹ ಯೋಗಿಗಳನ್ನೂ ಅರ್ಧ ಸುದ್ದಿಯು ಕೆರಳಿಸಿತೆಂದರೆ, ಸಾಮಾನ್ಯ ಗೃಹಸ್ಥನು ತನ್ನ ಸಿಟ್ಟನ್ನು ಎಷ್ಟು ಶಂಕಿಸಬೇಕು! ಸಿದ್ಧರಾಮರ ಹಿರಿಮೆಯು ಕೋಪ ಬಾರದಿದ್ದುದರಲ್ಲಿಲ್ಲ. ಬಂದ ಕೋಪವನ್ನು ಕಂಡ ಸತ್ಯಕ್ಕೆ ಒಪ್ಪಿಸಿಬಿಟ್ಟುದರಲ್ಲಿದೆ.

೫

ಮನಸ್ಸು ಕೆಲವು ಮಾತುಗಳನ್ನು ಕೇರದೆ ನುಂಗುವುದೇಕೆ? ಅವು ಅದಕ್ಕೆ ರುಚಿಸುವುದರಿಂದ. ಅಂಜಿದವನಿಗೆ ಅಂಜಿಕೆಯ ಸುದ್ದಿ ರುಚಿ. ದ್ವೇಷಿಸಿದವನಿಗೆ ಶತ್ರುವಿನ ಕೇಡಿನ ಸುದ್ದಿ ರುಚಿ. ಅಭಿಮಾನಿಗೆ ತನ್ನವರ ಹೊಗಳಿಕೆಯೇ ರುಚಿ. ಓದುಬರಹ ಬಲ್ಲವರು ಇದಕ್ಕೆ ಹೊರತಲ್ಲ. ಲಿಪ್‌ಮನ್ ಹಾಗೂ ಚಾರ್ಲ್ಸ್ ಮರ್ಜ್ ಎಂಬಿಬ್ಬರು ೧೯೨೦ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯು ರಷ್ಯದ ಕ್ರಾಂತಿಯನ್ನು ವರದಿಮಾಡಿದ ಬಗೆಯನ್ನು ಪರೀಕ್ಷಿಸಿದರು. ೧೯೧೭ರ ನವೆಂಬರಿನಿಂದ ಎರಡು ವರ್ಷಗಳ ಅವಧಿಯಲ್ಲಿ, ಬೊಲ್ಷೆವಿಕರ ಸರಕಾರ ಬಿದ್ದಿತು, ಅಥವಾ ಇನ್ನೇನು ಬೀಳಲಿದೆ ಎಂದು ಆ ಪತ್ರಿಕೆಯು ೯೧ ಸಲ ತಿಳಿಸಿತ್ತು. ಆ ಸರಕಾರವು ಬೀಳಲಿಲ್ಲ. ಅದು ಕಟ್ಟಿದ ಸೋವಿಯತ್ ಒಕ್ಕೂಟವು ೧೯೯೧ರವರೆಗೆ ಉಳಿಯಿತು. ಬರೆದವರು ವಂಚಿಸಬೇಕೆಂದು ಬರೆದರೆಂದು ಆ ಪರೀಕ್ಷಕರು ಹೇಳಲಿಲ್ಲ. ಬರೆದವರೂ ಓದಿದವರೂ ಏನನ್ನು ಬಯಸುತ್ತಿದ್ದರೋ ಅದನ್ನೇ ಕಂಡರೆಂಬುದು ಅವರ ನಿರ್ಣಯ.

ಬಿಜ್ಜಳನ ಆಸ್ಥಾನದ ಕಥೆಯಲ್ಲಿ ಇದಕ್ಕೆ ಪ್ರತಿಯಾದ ಒಂದು ನಡೆಯುಂಟು. ಬಸವಣ್ಣನವರು ರಾಜಭಂಡಾರದ ಹೊನ್ನನ್ನು ಜಂಗಮರಿಗೆ ಸುರಿಯುತ್ತಿದ್ದಾರೆಂದು ಕೊಂಡೆಯರು ಅರಸನ ಕಿವಿಯನ್ನು ಊದಿದರೆಂದು ಪುರಾಣಗಳು ಹೇಳುತ್ತವೆ. ಅರಸನು ಭಂಡಾರದ ಲೆಕ್ಕವನ್ನು ಕೇಳಿದನು; ಬಸವಣ್ಣನವರು ಲೆಕ್ಕವನ್ನು ಒಪ್ಪಿಸಿದರು; ಎಣಿಸಿದಾಗ ಹೊನ್ನು ಕಡಿಮೆಯಾಗಿರಲಿಲ್ಲ. ಭಕ್ತರು ಇದನ್ನು ಪವಾಡವೆಂದು ಕೊಂಡಾಡುತ್ತಾರೆ. ಪವಾಡದ ಜೊತೆಗೆ ಅಲ್ಲೊಂದು ಸರಳವಾದ ನೀತಿಯೂ ಇದೆ: ಕೊಂಡೆಯ ಮಾತಿಗೆ ಮದ್ದು ಎಣಿಕೆ. ಹಿತ್ತಾಳೆ ಕಿವಿಯ ಅರಸನೆಂದು ಹೆಸರಾದವನೂ ಎಣಿಸಿ ನೋಡಿದ ದಿನ ನ್ಯಾಯವಂತನಾದನು. ಆ ಬುದ್ಧಿಯು ಕಡೆಯವರೆಗೂ ನಿಂತಿದ್ದರೆ ಕಲ್ಯಾಣದ ಕಥೆಯು ರಕ್ತದಲ್ಲಿ ಮುಗಿಯುತ್ತಿತ್ತೇ ಎಂಬುದು ಪ್ರತಿಯೊಬ್ಬ ಓದುಗನೂ ಯೋಚಿಸಬೇಕಾದ ಮಾತು.

ಒಮ್ಮೆಗೇ ಜೀವ ತೆಗೆಯುವ ಸುದ್ದಿ ಅಪರೂಪ. ದಿನದಿನವೂ ತೊಟ್ಟುತೊಟ್ಟಾಗಿ ಬೀಳುವುದೇ ಹೆಚ್ಚು. ಜಾರ್ಜ್ ಗರ್ಬ್ನರ್ ಎಂಬ ವಿದ್ವಾಂಸರು ೧೯೬೦ರ ದಶಕದ ಕೊನೆಯಿಂದ ಅಮೆರಿಕದಲ್ಲಿ ಟೆಲಿವಿಷನ್ನಿನ ಪರಿಣಾಮವನ್ನು ಬಹುಕಾಲ ಅಭ್ಯಾಸಮಾಡಿದರು. ಹೆಚ್ಚು ಹೊತ್ತು ಟೆಲಿವಿಷನ್ ನೋಡುವವರು, ಕಡಿಮೆ ನೋಡುವವರಿಗಿಂತ, ಲೋಕವು ಕ್ರೂರವೆಂದೂ ಜನರು ನಂಬಿಗೆಗೆ ಅರ್ಹರಲ್ಲವೆಂದೂ ಎಣಿಸುವುದು ಹೆಚ್ಚೆಂದು ಅವರು ಕಂಡರು. ಇಂತಹ ಬದಲಾವಣೆಯು ಬಂದದ್ದೇ ತಿಳಿಯದು. ಸಂಜೆಯ ಹೊತ್ತು ಕಿರುಚಾಟದ ಚರ್ಚೆಗಳನ್ನು ಕೇಳುತ್ತ ಕುಳಿತ ಮನೆಯಲ್ಲಿ ಮೂವತ್ತು ವರ್ಷ ಹಾಲು ಹಾಕಿದವನ ಜಾತಿಮತಗಳು ಒಂದು ದಿನ ಇದ್ದಕ್ಕಿದ್ದಂತೆ ಎದ್ದು ಕಾಣತೊಡಗುತ್ತವೆ. ಹಾಲಿನವನು ಬದಲಾಗಿಲ್ಲ. ಹಾಲೂ ಬದಲಾಗಿಲ್ಲ.

೬

ಇಲ್ಲಿ ಕೆಲವು ಆಕ್ಷೇಪಗಳು ಹುಟ್ಟುವುದು ಸಹಜ. ಹಾಗಾದರೆ ಭಕ್ತನು ವೃತ್ತಪತ್ರಿಕೆಯನ್ನೂ ಟೆಲಿವಿಷನ್ನನ್ನೂ ಮೊಬೈಲನ್ನೂ ತೊರೆದು ಕಿವಿ ಮುಚ್ಚಿ ಕುಳಿತುಕೊಳ್ಳಬೇಕೇ? ಖಂಡಿತವಾಗಿಯೂ ಇಲ್ಲ. ರೋಗಕ್ಕಂಜಿ ಊಟವನ್ನೇ ಬಿಟ್ಟವನು ಪ್ರಸಾದಿಯಾಗಲಾರನು. ನೆರೆ ಬಂದಾಗ, ಬೆಳೆ ಹೋದಾಗ, ದೂರದ ಊರಿನಲ್ಲಿ ಬಡವನಿಗೆ ಅನ್ಯಾಯವಾದಾಗ, ಸುದ್ದಿಯೇ ದಾಸೋಹದ ಕೈಯನ್ನು ಎಚ್ಚರಿಸುತ್ತದೆ. ಒಮ್ಮೆ ಮೋಸಹೋದವನು ಎಲ್ಲವೂ ಸುಳ್ಳೆಂದು ತಳ್ಳಿಹಾಕುವುದೂ ಸೋಮಾರಿತನವೇ. ಎಲ್ಲವನ್ನೂ ನಂಬುವವನಿಗೂ ಏನನ್ನೂ ನಂಬದವನಿಗೂ ಕೇರುವ ಶ್ರಮ ತಪ್ಪುತ್ತದೆ. ಇಬ್ಬರ ಮೊರವೂ ಗೋಡೆಗೆ ನೇತುಬಿದ್ದಿರುತ್ತದೆ.

ಎರಡನೆಯ ಆಕ್ಷೇಪವು ಹೆಚ್ಚು ತೂಕವುಳ್ಳದ್ದು. ಮಗುವಿಗೆ ಅಪಾಯವಿದೆಯೆಂಬ ಮಾತು ಬಂದಾಗ ಕೇರುತ್ತ ಕುಳಿತರೆ ಮಗು ಉಳಿದೀತೇ? ತಾಯಿಯ ಕರುಳಿನಿಂದ ಬಂದ ಈ ಪ್ರಶ್ನೆಯನ್ನು ಹಗುರವಾಗಿ ಕಾಣಬಾರದು. ಆದರೆ ಅವಧಾನಕ್ಕೂ ವಿಳಂಬಕ್ಕೂ ವ್ಯತ್ಯಾಸವುಂಟು. ಮಗುವನ್ನು ಒಳಗೆ ಕರೆದುಕೊಳ್ಳುವುದಕ್ಕೆ ಪರೀಕ್ಷೆ ಬೇಡ. ಶಾಲೆಯ ಮಾಸ್ತರರನ್ನು ಕೇಳುವುದಕ್ಕೆ, ಪೋಲೀಸರಿಗೆ ತಿಳಿಸುವುದಕ್ಕೆ ಪರೀಕ್ಷೆ ಬೇಡ. ಕಾಪಾಡುವ ಕೆಲಸಕ್ಕೆ ಶಂಕೆಯೇ ಸಾಕು. ಮತ್ತೊಬ್ಬನ ಮೇಲೆ ಕೈಯೆತ್ತುವುದಕ್ಕೂ, ಮತ್ತೊಬ್ಬನ ಹೆಸರನ್ನು ಕೆಡಿಸುವುದಕ್ಕೂ ಶಂಕೆ ಸಾಲದು. ಮಾಡಿದ ಮೇಲೆ ಹಿಂದಕ್ಕೆ ತೆಗೆದುಕೊಳ್ಳಲಾಗದ ಕಾರ್ಯಕ್ಕೆ ಪೂರ್ತಿಯಾದ ಅರಿವು ಬೇಕು. ಮುರ್ಕಿಯಲ್ಲಿ ಕಾರನ್ನು ನಿಲ್ಲಿಸಿದವರು ಅಷ್ಟಕ್ಕೇ ನಿಂತು, ಒಳಗಿದ್ದವರನ್ನು ಪೋಲೀಸರ ವಶಕ್ಕೆ ಒಪ್ಪಿಸಿದ್ದರೆ, ಮಕ್ಕಳೂ ಕ್ಷೇಮವಾಗಿರುತ್ತಿದ್ದರು, ಆ ಯುವಕನೂ ಮನೆ ಸೇರುತ್ತಿದ್ದನು.

ಮೂರನೆಯವರು ಹೇಳಬಹುದು: ಇದೆಲ್ಲ ಸರಕಾರದ ಹೊಣೆ, ಆ ಕಂಪನಿಗಳ ಹೊಣೆ. ಅವರ ಹೊಣೆ ನಿಶ್ಚಯವಾಗಿಯೂ ಉಂಟು. ಮುರ್ಕಿಯ ಘಟನೆಯಾದ ನಾಲ್ಕು ದಿನಗಳಲ್ಲಿ, ೨೦೧೮ರ ಜುಲೈ ೧೭ರಂದು, ಗುಂಪುಹತ್ಯೆಗಳನ್ನು ತಡೆಯುವುದಕ್ಕಾಗಿ ಸುಪ್ರೀಂ ಕೋರ್ಟು ಸರಕಾರಗಳಿಗೆ ನಿರ್ದೇಶಗಳನ್ನು ಕೊಟ್ಟಿತು. ಅದೇ ತಿಂಗಳು ವಾಟ್ಸಾಪ್ ಕಂಪನಿಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚಿಗೆ ದಾಟಿಸದಂತೆ ಮಿತಿಯನ್ನು ಹಾಕತೊಡಗಿತು. ೨೦೨೦ರಲ್ಲಿ, ಬಹಳ ಕೈ ದಾಟಿ ಬಂದ ಸಂದೇಶಗಳಿಗೆ ಒಂದೇ ಕಡೆಯೆಂಬ ಮಿತಿ ಬಂದಿತು. ಕಾನೂನು ಹೊರಗಿನ ಬೇಲಿ. ಬೇಲಿಯು ದನವನ್ನು ತಡೆದೀತು. ಬೀಜ ಬಿತ್ತುವವನ ಕೈಯನ್ನು ತಡೆಯದು. ಐದು ಮಂದಿಗೆ ದಾಟಿಸಿದ ಸುಳ್ಳು ಐದು ಮನೆಗಳಲ್ಲಿ ಮೊಳೆಯುತ್ತದೆ.

೭

ಆದುದರಿಂದ ಕಿವಿಯ ಅರ್ಪಿತವು ಗೃಹಸ್ಥನ ಸ್ವಂತ ವ್ರತವಾಗಬೇಕು. ಅದಕ್ಕೆ ಮಂತ್ರತಂತ್ರಗಳ ತೊಡಕಿಲ್ಲ. ಮಾತು ಬಂದಾಗ ಮೂರು ಪ್ರಶ್ನೆಗಳನ್ನು ಕೇಳಿಕೊಂಡರೆ ಸಾಕು. ಇದನ್ನು ಕಂಡವರು ಯಾರು? ಇದರಲ್ಲಿ ಕತ್ತರಿಸಿಹೋದದ್ದು ಏನು? ಇದು ನಿಜವಾಗಿರಲೆಂದು ತನ್ನ ಮನಸ್ಸು ಬಯಸುತ್ತಿದೆಯೇ? ಮೊದಲನೆಯದರಿಂದ ಜೊಳ್ಳು ಹಾರುತ್ತದೆ. ಎರಡನೆಯದರಿಂದ ಕಲ್ಲು ಕಾಣುತ್ತದೆ. ಮೂರನೆಯದು ಎಲ್ಲಕ್ಕಿಂತ ಕಠಿಣ, ಏಕೆಂದರೆ ಅದು ಮಾತನ್ನು ಬಿಟ್ಟು ಕೇಳುವವನನ್ನೇ ಕೇರುತ್ತದೆ. ಹೆಚ್ಚು ರುಚಿಸಿದ ಸುದ್ದಿಯನ್ನು ಹೆಚ್ಚು ಸಲ ತೊಳೆಯುವುದು ಈ ವ್ರತದ ನಿಯಮ.

ಉತ್ತರ ದೊರೆಯದಿದ್ದರೆ “ತಿಳಿಯದು” ಎಂದು ಹೇಳುವ ಧೈರ್ಯ ಬೇಕು. ತಿಳಿಯದ್ದನ್ನು ತಿಳಿಯದೆಂದು ಒಪ್ಪುವುದೂ ಅರಿವಿನ ಒಂದು ಮೆಟ್ಟಿಲು. ಅಲ್ಲಮಪ್ರಭುಗಳು ಅಧ್ಯಕ್ಷರಾಗಿದ್ದ ಅನುಭವ ಮಂಟಪದಲ್ಲಿ ಕೀರ್ತಿಯೊಂದೇ ಯಾರಿಗೂ ಬಾಗಿಲು ತೆರೆಯಲಿಲ್ಲ. ಅಕ್ಕಮಹಾದೇವಿಯಂತಹ ಮಹಾಶರಣೆಯೂ ಪ್ರಶ್ನೆಗಳನ್ನು ಎದುರಿಸಿ ಉತ್ತರ ಕೊಟ್ಟ ಮೇಲೆ ಶರಣರು ತಲೆಬಾಗಿದರು. ಪ್ರಶ್ನೆಯು ಅಲ್ಲಿ ಅವಮಾನವಾಗಿರಲಿಲ್ಲ. ಸತ್ಯಕ್ಕೆ ಸಲ್ಲಿಸಿದ ಗೌರವವಾಗಿತ್ತು. ಮನೆಯ ಹಿರಿಯನು ಕಳುಹಿಸಿದ ಸಂದೇಶವನ್ನು ಮೊಮ್ಮಗಳು “ಅಜ್ಜಾ, ಇದು ಎಲ್ಲಿಂದ ಬಂತು?” ಎಂದು ಕೇಳಿದರೆ, ಗದರಿಸದೆ, ಆಕೆಯೊಡನೆ ಕುಳಿತು ಹುಡುಕುವ ಅಜ್ಜನ ಮನೆಯೂ ಅಷ್ಟು ಮಟ್ಟಿಗೆ ಅನುಭವ ಮಂಟಪವೇ.

ಮಾತನ್ನು ದಾಟಿಸುವುದೂ ಒಂದು ಬಗೆಯ ದಾನ. ಶರಣರು ದಾನಕ್ಕಿಂತ ದಾಸೋಹವನ್ನು ಮೇಲಾಗಿ ಕಂಡರು. ಸತ್ಯಶುದ್ಧ ಕಾಯಕದಿಂದ ಗಳಿಸಿದ್ದನ್ನೇ ದಾಸೋಹಕ್ಕೆ ಸಲ್ಲಿಸಬೇಕೆಂದರು. ಬೆವರು ಸುರಿಸದೆ ಬಂದ ಹೊನ್ನು ಹೇಗೆ ದಾಸೋಹಕ್ಕೆ ಸಲ್ಲದೋ, ವಿಚಾರದ ಶ್ರಮವಿಲ್ಲದೆ ಬಂದ ಮಾತೂ ಹಾಗೆಯೇ ಪರರಿಗೆ ಬಡಿಸಲು ಸಲ್ಲದು. “ನಾನು ಹೇಳಿದ್ದಲ್ಲ, ಬಂದದ್ದನ್ನು ಕಳುಹಿಸಿದೆ” ಎಂಬ ಮಾತು ಅರಿವಿನ ಮುಂದೆ ನಿಲ್ಲಲಾರದು. ಹಳಸಿದ ಅನ್ನವನ್ನು ಬಡಿಸಿದವನು, ಅಟ್ಟವನು ಬೇರೆಯೆಂದು ಹೇಳಿ ಪಾರಾಗುವುದುಂಟೇ?

ನಾಳೆ ಬೆಳಗ್ಗೆಯೂ ಮೊಬೈಲು ಸದ್ದು ಮಾಡುವುದು. ಮಾಡಲಿ. ಮೊದಲು ಕರಡಿಗೆ ತೆರೆಯಲಿ, ವಿಭೂತಿ ಹಣೆಗೇರಲಿ, ಮನಸ್ಸು ತನ್ನ ನೆಲೆಯಲ್ಲಿ ನಿಲ್ಲಲಿ. ಆಮೇಲೆ ಕಿವಿಗೆ ಬಂದ ಲೋಕವನ್ನು ಆ ನೆಲೆಯಿಂದ ನೋಡಲಿ. ಹಸಿದ ಮೊಮ್ಮಗನನ್ನು ತಡೆದ ಅಜ್ಜಿಯ ದನಿಯು ಆ ಕ್ಷಣದಲ್ಲಿ ಕೇಳಿಸಿದರೆ ಸಾಕು: ತಡಿಯಪ್ಪಾ, ಲಿಂಗಕ್ಕೆ ತೋರಿಸಿ ಉಣ್ಣು.